ಎರಡೂ ಮುಳ್ಳು ಒಟ್ಟಿಗೆ ತಪ್ಪಿದರೆ: ಹಳೆಯ ಅಂಬಾಸಿಡರ್ ಗಾಡಿಯ ಗೇಜುಗಳನ್ನು ನಾವೇ ಪರೀಕ್ಷಿಸುವ ಕ್ರಮ



ನಮ್ಮ ಪುಟದಲ್ಲಿ ಸಾಮಾನ್ಯವಾಗಿ ಕಾರ್ಯಕ್ರಮಗಳ ಸುದ್ದಿ, ಮಕ್ಕಳ ಕನ್ನಡ ತರಗತಿಯ ವಿಷಯ, ಹಿರಿಯರ ನೆನಪುಗಳು ಬರುತ್ತವೆ. ಈ ಸಲ ಸ್ವಲ್ಪ ಬೇರೆ ವಿಷಯ ಬರೆಯುತ್ತಿದ್ದೇನೆ. ನಮ್ಮ ಸದಸ್ಯರಲ್ಲಿ ಕೆಲವರ ಮನೆಯಂಗಳದಲ್ಲಿ ಇನ್ನೂ ಅಪ್ಪನ ಕಾಲದ ಅಂಬಾಸಿಡರ್ ನಿಂತಿದೆ. ಅದನ್ನು ಮಾರಲು ಮನಸ್ಸಿಲ್ಲ, ಓಡಿಸಲು ಧೈರ್ಯವಿಲ್ಲ. ಅಂಥವರಿಗೆ ಈ ಲೇಖನ ಉಪಯೋಗಕ್ಕೆ ಬರಬಹುದು.

ನನ್ನ ಅನುಭವದಿಂದಲೇ ಆರಂಭಿಸುತ್ತೇನೆ. ಒಂದು ವರ್ಷ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಉದಗೀರದಿಂದ ಉಮರ್ಗಾಕ್ಕೆ ನಮ್ಮ ಅಂಬಾಸಿಡರ್‌ನಲ್ಲೇ ಹೋಗಿದ್ದೆವು. ಮೆರವಣಿಗೆಯಲ್ಲಿ ತಾಯಿ ಭುವನೇಶ್ವರಿಯ ಫೋಟೊ ಇಡಲು ಆ ಗಾಡಿಯೇ ಬೇಕು ಎಂದು ಎಲ್ಲರ ಆಸೆ. ರಾತ್ರಿ ವಾಪಸು ಬರುವಾಗ ಗಾಡಿಯಲ್ಲಿ ಮೂವರು ಹಿರಿಯರಿದ್ದರು. ಕಾಸಾರ ಶಿರಸಿ ದಾಟಿ ನಿಲಂಗಾ ಕಡೆಗೆ ಸ್ವಲ್ಪ ದೂರ ಬಂದಿದ್ದೆವು. ಇಂಜಿನ್ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಪೆಟ್ರೋಲ್ ಗೇಜಿನ ಮುಳ್ಳು ಕಾಲು ಟ್ಯಾಂಕಿಗಿಂತ ಮೇಲೆಯೇ ಇತ್ತು. ಹಾಗಾಗಿ ಪೆಟ್ರೋಲ್ ಇಲ್ಲ ಎಂದು ನನಗೆ ಹೊಳೆಯಲೇ ಇಲ್ಲ. ಪಂಪ್, ಕಾರ್ಬುರೇಟರ್, ಪ್ಲಗ್ ಎಲ್ಲ ನೋಡಿದ ಮೇಲೆ ಟ್ಯಾಂಕಿನ ಮುಚ್ಚಳ ತೆಗೆದು ಗಾಡಿ ಅಲುಗಾಡಿಸಿದರೆ ಒಳಗೆ ಸದ್ದೇ ಇಲ್ಲ! ಒಬ್ಬ ಪುಣ್ಯಾತ್ಮ ಮೋಟಾರ್‌ಸೈಕಲ್ಲಿನಲ್ಲಿ ಹೋಗಿ ಎರಡು ಲೀಟರ್ ತಂದುಕೊಡುವವರೆಗೆ ಆ ಹಿರಿಯರು ಚಳಿಯಲ್ಲಿ ರಸ್ತೆ ಬದಿಗೆ ಕುಳಿತಿದ್ದರು.

ಇದಕ್ಕೂ ಮೊದಲೇ ಇನ್ನೊಂದು ತಾಪತ್ರಯ ಆರಂಭವಾಗಿತ್ತು. ಇಂಜಿನ್ ಉಷ್ಣತೆ ತೋರಿಸುವ ಮುಳ್ಳು ಯಾವಾಗಲೂ ಕೊನೆಯ ಗೆರೆಯ ಹತ್ತಿರ ನಿಲ್ಲುತ್ತಿತ್ತು. ಗಾಡಿ ಕಾಯುತ್ತಿದೆ ಎಂದು ರೇಡಿಯೇಟರ್ ಬಿಚ್ಚಿಸಿ ತೊಳೆಸಿದೆ, ಥರ್ಮೋಸ್ಟಾಟ್ ಬದಲಿಸಿದೆ, ವಾಟರ್ ಪಂಪ್ ಹಾಕಿಸಿದೆ, ಕೊನೆಗೆ ಹೆಡ್ ಗ್ಯಾಸ್ಕೆಟ್ ಕೂಡ ಹಾಕಿಸಿದೆ. ಹದಿನೆಂಟು ಸಾವಿರ ರೂಪಾಯಿ ಖರ್ಚಾದ ಮೇಲೂ ಮುಳ್ಳು ಇದ್ದಲ್ಲೇ ಇತ್ತು.

ಕೊನೆಗೆ ಒಬ್ಬ ವಯಸ್ಸಾದ ವೈರಿಂಗ್ ಮಿಸ್ತ್ರಿ ಒಂದೇ ಪ್ರಶ್ನೆ ಕೇಳಿದರು: "ಎರಡೂ ಕಾಟಾ ಒಮ್ಮೆಗೇ ಏರ್‌ಲಿಕ್ಕೆ ಹತ್ತಿದ್ವೇನ್ರಿ?"

ಯೋಚಿಸಿ ನೋಡಿದೆ. "ಹೌದ್ರಿ ಕಾಕಾ, ಡ್ಯಾಶ್‌ಬೋರ್ಡಿಗೆ ಪೇಂಟ್ ಮಾಡ್ಸಿದ ಮ್ಯಾಲೆ."

"ಹಂಗಾದ್ರ ಇಂಜಿನ್ ತಂಟೆಗೆ ಹೋಗಬ್ಯಾಡ್ರಿ. ಡ್ಯಾಶ್‌ಬೋರ್ಡ್ ಹಿಂದ ಕೈ ಹಾಕ್ರಿ."

ಅಲ್ಲಿ ಬೆಂಕಿಪೆಟ್ಟಿಗೆಗಿಂತ ಚಿಕ್ಕದಾದ ಒಂದು ತಗಡಿನ ಡಬ್ಬಿ ಇತ್ತು. ಅದರ ಸ್ಕ್ರೂ ಕೆಳಗೆ ಹೊಸ ಪೇಂಟ್ ಬಂದಿತ್ತು. ಅದನ್ನು ಕೆರೆದು ಸ್ಕ್ರೂ ಬಿಗಿ ಮಾಡಿದ ಮೇಲೆ ಎರಡೂ ಮುಳ್ಳುಗಳು ಸರಿಯಾದ ಜಾಗಕ್ಕೆ ಬಂದವು. ಆ ಡಬ್ಬಿ ಏನು ಮಾಡುತ್ತದೆ, ಅದು ತಪ್ಪಿದರೆ ಹೇಗೆ ಗುರುತಿಸಬೇಕು ಎಂಬುದೇ ಈ ಲೇಖನ.

ಇಂಗ್ಲೆಂಡಿನಿಂದ ಬಂದ ವೈರಿಂಗ್

ಅಂಬಾಸಿಡರ್ ನಮ್ಮದೇ ಗಾಡಿ ಎಂದು ನಾವು ಭಾವಿಸಿದ್ದೇವೆ, ಅದು ಸಹಜವೂ ಹೌದು. ಆದರೆ ಅದರ ಮೂಲ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಹಿಂದುಸ್ತಾನ್ ಮೋಟಾರ್ಸ್ ಕಂಪನಿ 1957ರಿಂದ ಅದನ್ನು ಅಂಬಾಸಿಡರ್ ಹೆಸರಿನಲ್ಲಿ ತಯಾರಿಸಿತು. 2014ರಲ್ಲಿ ತಯಾರಿಕೆ ನಿಂತಿತು. ಅದೇ ರೀತಿ ಮದ್ರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕೂಡ ಇಂಗ್ಲೆಂಡಿನ ಟ್ರಯಂಫ್ ಹೆರಾಲ್ಡ್ ಗಾಡಿಯ ಭಾರತೀಯ ರೂಪ.

1960ರ ದಶಕದಲ್ಲಿ ಇಂಗ್ಲೆಂಡಿನ ಮಾರಿಸ್, ಟ್ರಯಂಫ್, ಎಂಜಿ, ಜಾಗ್ವಾರ್ ಮುಂತಾದ ಗಾಡಿಗಳಲ್ಲಿ ಸ್ಮಿತ್ಸ್ ಕಂಪನಿಯ ಗೇಜುಗಳು ಬರುತ್ತಿದ್ದವು. ಆ ಗೇಜುಗಳ ಜೊತೆ ವೋಲ್ಟೇಜ್ ಸ್ಟೆಬಿಲೈಸರ್ ಎಂಬ ಚಿಕ್ಕ ಡಬ್ಬಿಯೂ ಬಂತು. ಆ ಪದ್ಧತಿ ನಮ್ಮ ದೇಶದ ಗಾಡಿಗಳಿಗೂ ಇಳಿದು ಬಂತು. ಆದರೆ ಅಂಬಾಸಿಡರ್‌ನ ಡ್ಯಾಶ್‌ಬೋರ್ಡ್ ಮಾರ್ಕ್‌ನಿಂದ ಮಾರ್ಕ್‌ಗೆ ಬದಲಾಗಿದೆ, ಮೇಲಾಗಿ ಈ ಹತ್ತಾರು ವರ್ಷಗಳಲ್ಲಿ ಎಷ್ಟೋ ಕೈಗಳು ಒಳಗೆ ಆಡಿವೆ. ಆದ್ದರಿಂದ ನಿಮ್ಮ ಗಾಡಿಯಲ್ಲಿ ಈ ಡಬ್ಬಿ ಇದೆಯೋ ಇಲ್ಲವೋ ಎಂಬುದನ್ನು ಮೊದಲು ತಿಳಿಯಬೇಕು. ಅದಕ್ಕೆ ಸುಲಭ ಉಪಾಯವಿದೆ.

ಚಾವಿ ಆನ್ ಮಾಡಿ ಪೆಟ್ರೋಲ್ ಮುಳ್ಳನ್ನು ನೋಡಿ. ಅದು ಹಾಲು ಉಕ್ಕುವ ಹಾಗೆ ನಿಧಾನವಾಗಿ, ಹಲವು ಸೆಕೆಂಡು ತೆಗೆದುಕೊಂಡು ಏರಿದರೆ ಅದು ಬಿಸಿಯಿಂದ ಕೆಲಸ ಮಾಡುವ ಗೇಜು. ಇಂಥದಕ್ಕೆ ಸ್ಟೆಬಿಲೈಸರ್ ಬೇಕು. ಚಾವಿ ಆನ್ ಮಾಡಿದ ತಕ್ಷಣ ಮುಳ್ಳು ಟಪ್ಪೆಂದು ಹಾರಿ, ಗಾಡಿ ಅಲುಗಿದರೆ ತಾನೂ ಅಲುಗಾಡಿದರೆ ಅದು ಒಳಗೆ ಎರಡು ಕಾಯಿಲ್ ಇರುವ ಹಳೆಯ ಪದ್ಧತಿಯ ಗೇಜು. ಅದಕ್ಕೆ ಸ್ಟೆಬಿಲೈಸರ್ ಇರುವುದಿಲ್ಲ, ಹಾಕಲೂ ಬಾರದು.

ಉಷ್ಣತೆಯ ಗೇಜಿನ ಹಿಂದೆಯೂ ಒಮ್ಮೆ ಇಣುಕಿ. ವೈರ್ ಬದಲು ತೆಳುವಾದ ತಾಮ್ರದ ಕೊಳವೆ ಬಂದು ಸೇರಿದ್ದರೆ ಆ ಗೇಜಿಗೂ ಕರೆಂಟಿಗೂ ಸಂಬಂಧವಿಲ್ಲ. ಆ ಕೊಳವೆಯನ್ನು ಮಡಚಬೇಡಿ, ಕತ್ತರಿಸಬೇಡಿ. ಕತ್ತರಿಸಿದರೆ ಗೇಜು ಅಲ್ಲಿಗೇ ಸತ್ತಂತೆ. ಆಯಿಲ್ ಪ್ರೆಶರ್ ಗೇಜಿಗೂ ಹೀಗೇ ಕೊಳವೆ ಬರುವುದುಂಟು. ಈ ಲೇಖನದಲ್ಲಿ ಹೇಳುವುದೆಲ್ಲ ವೈರಿನ ಗೇಜುಗಳಿಗೆ ಮಾತ್ರ.

ಮುಳ್ಳು ಏರುವುದು ಹೇಗೆ?

ಗೇಜಿನ ಒಳಗೆ ಒಂದು ಚಿಕ್ಕ ಪಟ್ಟಿ ಇದೆ. ಎರಡು ಬೇರೆ ಬೇರೆ ಲೋಹಗಳನ್ನು ಬೆಸೆದು ಮಾಡಿದ ಪಟ್ಟಿ ಅದು. ಬಿಸಿಯಾದಾಗ ಒಂದು ಲೋಹ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ ಹಿಗ್ಗುತ್ತದೆ. ಆಗ ಪಟ್ಟಿ ಬಾಗುತ್ತದೆ. ಮನೆಯ ಇಸ್ತ್ರಿ ಪೆಟ್ಟಿಗೆ ತಾನಾಗಿ ಆಫ್ ಆಗುವುದೂ ಇಂಥ ಪಟ್ಟಿಯಿಂದಲೇ. ಗೇಜಿನಲ್ಲಿ ಆ ಪಟ್ಟಿಗೆ ಸಣ್ಣ ತಂತಿ ಸುತ್ತಿರುತ್ತಾರೆ. ತಂತಿಯಲ್ಲಿ ಕರೆಂಟ್ ಹರಿದರೆ ಪಟ್ಟಿ ಕಾಯುತ್ತದೆ, ಬಾಗುತ್ತದೆ, ಮುಳ್ಳನ್ನು ತಳ್ಳುತ್ತದೆ.

ಎಷ್ಟು ಕರೆಂಟ್ ಹರಿಯಬೇಕು ಎಂಬುದನ್ನು ಟ್ಯಾಂಕಿನಲ್ಲಿರುವ ಯೂನಿಟ್ ನಿರ್ಧರಿಸುತ್ತದೆ. ಅದರಲ್ಲಿ ಒಂದು ತೇಲುವ ಬುರುಡೆ ಇದೆ. ಪೆಟ್ರೋಲ್ ಜೊತೆ ಅದು ಏರಿ ಇಳಿದಂತೆ ರೆಸಿಸ್ಟೆನ್ಸ್ ಬದಲಾಗುತ್ತದೆ. ಸ್ಮಿತ್ಸ್ ಪದ್ಧತಿಯಲ್ಲಿ ಟ್ಯಾಂಕ್ ಖಾಲಿಯಾದಾಗ ಸುಮಾರು 250 ಓಮ್, ತುಂಬಿದಾಗ ಸುಮಾರು 20 ಓಮ್ ಇರುತ್ತದೆ. ರೆಸಿಸ್ಟೆನ್ಸ್ ಕಡಿಮೆಯಾದರೆ ಕರೆಂಟ್ ಹೆಚ್ಚು, ಮುಳ್ಳು ಮೇಲೆ. ಇಂಜಿನ್ನಿನ ಉಷ್ಣತೆ ಯೂನಿಟ್ ಕೂಡ ಹೀಗೆಯೇ. ನೀರು ಕಾದಷ್ಟೂ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ, ಮುಳ್ಳು ಏರುತ್ತದೆ.

ಇಲ್ಲಿ ಒಂದು ತೊಡಕು ಇದೆ. ಗಾಡಿಯ ಬ್ಯಾಟರಿ 12 ವೋಲ್ಟ್ ಎಂದು ನಾವು ಹೇಳುತ್ತೇವೆ, ಆದರೆ ಅದು ಯಾವಾಗಲೂ 12 ಇರುವುದಿಲ್ಲ. ಇಂಜಿನ್ ಬಂದ್ ಇದ್ದಾಗ ಒಳ್ಳೆಯ ಬ್ಯಾಟರಿ 12.6 ವೋಲ್ಟ್ ಇರುತ್ತದೆ. ಗಾಡಿ ಓಡುವಾಗ ಚಾರ್ಜಿಂಗ್ ಆಗಿ 14ರ ಆಸುಪಾಸಿಗೆ ಹೋಗುತ್ತದೆ. ಹಳೆಯ ಡೈನಮೊ ಇರುವ ಗಾಡಿ ನಿಂತಲ್ಲೇ ನಿಧಾನವಾಗಿ ಓಡುತ್ತಿದ್ದರೆ, ಮೇಲೆ ಹೆಡ್‌ಲೈಟ್ ಬೇರೆ ಹಾಕಿದರೆ 12ಕ್ಕಿಂತ ಕೆಳಗೆ ಇಳಿಯುತ್ತದೆ. ಗೇಜುಗಳಿಗೆ ಬ್ಯಾಟರಿಯನ್ನೇ ನೇರವಾಗಿ ಕೊಟ್ಟರೆ ಲೈಟ್ ಹಾಕಿದಾಗ ಪೆಟ್ರೋಲ್ ಇಳಿದಂತೆ, ಜೋರಾಗಿ ಓಡಿಸಿದಾಗ ಪೆಟ್ರೋಲ್ ಹೆಚ್ಚಾದಂತೆ ಕಾಣುತ್ತದೆ.

ಹತ್ತು ವೋಲ್ಟಿನ ಡಬ್ಬಿ

ಈ ತೊಡಕನ್ನು ನಿವಾರಿಸಲು ಗೇಜುಗಳನ್ನು 10 ವೋಲ್ಟಿಗೆ ಲೆಕ್ಕ ಹಾಕಿ ಮಾಡಿದರು. ಬ್ಯಾಟರಿ ಎಷ್ಟೇ ಏರಿಳಿದರೂ ಸರಾಸರಿ 10 ವೋಲ್ಟ್ ಕೊಡುವುದು ಸ್ಟೆಬಿಲೈಸರ್ ಕೆಲಸ.

ಅದರ ಒಳಗೂ ಅದೇ ಎರಡು ಲೋಹದ ಪಟ್ಟಿ, ಅದೇ ಸುತ್ತಿದ ತಂತಿ, ಜೊತೆಗೆ ಒಂದು ಜೊತೆ ಪಾಯಿಂಟ್. ಚಾವಿ ಆನ್ ಮಾಡಿದಾಗ ಪಾಯಿಂಟ್ ಕೂಡಿರುತ್ತದೆ, ಗೇಜುಗಳಿಗೆ ಪೂರ್ತಿ ಬ್ಯಾಟರಿ ವೋಲ್ಟ್ ಹೋಗುತ್ತದೆ. ಅದೇ ಹೊತ್ತಿಗೆ ಸುತ್ತಿದ ತಂತಿಯ ಮೂಲಕ ಡಬ್ಬಿಯ ಮೈಗೆ, ಅಲ್ಲಿಂದ ಗಾಡಿಯ ಬಾಡಿಗೆ ಸ್ವಲ್ಪ ಕರೆಂಟ್ ಹರಿಯುತ್ತದೆ. ಪಟ್ಟಿ ಕಾದು ಬಾಗುತ್ತದೆ, ಪಾಯಿಂಟ್ ಬಿಡುತ್ತದೆ. ಕರೆಂಟ್ ನಿಂತಾಗ ಪಟ್ಟಿ ತಣಿದು ಮತ್ತೆ ಕೂಡುತ್ತದೆ. ಗಾಡಿ ಓಡುವಷ್ಟು ಹೊತ್ತೂ ಹೀಗೆ ಆನ್, ಆಫ್, ಆನ್, ಆಫ್. ಬ್ಯಾಟರಿ ವೋಲ್ಟ್ ಹೆಚ್ಚಿದ್ದರೆ ಪಟ್ಟಿ ಬೇಗ ಕಾಯುತ್ತದೆ, ಆನ್ ಇರುವ ಹೊತ್ತು ಕಡಿಮೆಯಾಗುತ್ತದೆ. ಹೀಗಾಗಿ ಸರಾಸರಿ ಒಂದೇ ಇರುತ್ತದೆ. ಗೇಜಿನ ಮುಳ್ಳು ಸ್ವಭಾವದಿಂದಲೇ ನಿಧಾನವಾದ್ದರಿಂದ ಈ ಆನ್-ಆಫ್ ಅದಕ್ಕೆ ತಿಳಿಯುವುದೇ ಇಲ್ಲ.

ಈಗ ನನ್ನ ಗಾಡಿಯ ಕತೆ ನಿಮಗೆ ಅರ್ಥವಾಗುತ್ತದೆ. ಡಬ್ಬಿಯ ಮೈಗೆ ಬಾಡಿಯ ಅರ್ಥ್ ಸಿಗದಿದ್ದರೆ ಸುತ್ತಿದ ತಂತಿಯಲ್ಲಿ ಕರೆಂಟ್ ಹರಿಯುವುದಿಲ್ಲ. ಪಟ್ಟಿ ಕಾಯುವುದಿಲ್ಲ. ಪಾಯಿಂಟ್ ಎಂದೂ ಬಿಡುವುದಿಲ್ಲ. ಗೇಜುಗಳಿಗೆ 10ರ ಬದಲು 13.8 ವೋಲ್ಟ್ ಹೋಗುತ್ತದೆ. ಕರೆಂಟ್ 1.38 ಪಟ್ಟು ಆಗುತ್ತದೆ. ತಂತಿಯ ಬಿಸಿ ಕರೆಂಟಿನ ವರ್ಗದ ಲೆಕ್ಕದಲ್ಲಿ ಏರುವುದರಿಂದ ಅದು 1.9 ಪಟ್ಟು, ಅಂದರೆ ಹೆಚ್ಚುಕಡಿಮೆ ಎರಡರಷ್ಟು! ಸರಿಯಾಗಿದ್ದ ಇಂಜಿನ್ ಕಾದಂತೆ ಕಂಡದ್ದೂ, ಖಾಲಿ ಟ್ಯಾಂಕ್ ಕಾಲು ತುಂಬಿದಂತೆ ಕಂಡದ್ದೂ ಒಂದೇ ಕಾರಣಕ್ಕೆ. ಸ್ಕ್ರೂ ಕೆಳಗಿನ ಪೇಂಟ್.

ಕೈ ಹಾಕುವ ಮೊದಲು

ಡ್ಯಾಶ್‌ಬೋರ್ಡ್ ಹಿಂದೆ ಪಾನಾ, ಸ್ಕ್ರೂಡ್ರೈವರ್ ಹಾಕುವ ಮೊದಲು ಬ್ಯಾಟರಿಯ ಅರ್ಥ್ ವೈರ್ ಬಿಚ್ಚಿಡಿ. ಹಳೆಯ ವೈರುಗಳ ಮೇಲಿನ ರಬ್ಬರ್, ಬಟ್ಟೆ ಉದುರಿರುತ್ತದೆ. ಒಂದು ಕಿಡಿ ಸಾಕು, ಇಡೀ ವೈರಿಂಗ್ ಸುಟ್ಟುಹೋಗುತ್ತದೆ. ಅಳತೆ ಮಾಡುವಾಗ ಮಾತ್ರ ಮತ್ತೆ ಜೋಡಿಸಿ.

ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆ ಎಂದು ನೋಡಿಕೊಳ್ಳಿ. ಇಂದಿನ ಎಲ್ಲ ಗಾಡಿಗಳಲ್ಲಿ ನೆಗೆಟಿವ್ ತುದಿ ಬಾಡಿಗೆ ಇರುತ್ತದೆ. 1960ರ ದಶಕದ ಮಧ್ಯದವರೆಗಿನ ಬಹಳಷ್ಟು ಬ್ರಿಟಿಷ್ ಗಾಡಿಗಳಲ್ಲಿ ಪಾಸಿಟಿವ್ ತುದಿ ಬಾಡಿಗೆ ಇರುತ್ತಿತ್ತು. ಹಳೆಯ ಸ್ಟೆಬಿಲೈಸರ್‌ಗೆ ಎರಡೂ ಒಂದೇ. ಹೊಸ ಎಲೆಕ್ಟ್ರಾನಿಕ್ ಭಾಗ ಹಾಕುವಾಗ ಮಾತ್ರ ಇದು ಬಹಳ ಮುಖ್ಯ.

ಟ್ಯಾಂಕಿನ ಬಳಿ ಕೆಲಸ ಮಾಡುವಾಗ ಬೀಡಿ, ಸಿಗರೇಟು, ದೀಪ ಯಾವುದೂ ಬೇಡ. ಟ್ಯಾಂಕಿನ ಯೂನಿಟ್ ಬಿಚ್ಚಿಟ್ಟು ಬಾಯಿ ತೆರೆದಿರುವಾಗ ಅಲ್ಲಿ ವೈರ್ ತಾಗಿಸಿ ಪರೀಕ್ಷೆ ಮಾಡಲೇಬಾರದು. ಖಾಲಿ ಟ್ಯಾಂಕ್ ಎಂದು ಉದಾಸೀನ ಬೇಡ. ತುಂಬಿದ ಟ್ಯಾಂಕಿಗಿಂತ ಅದರೊಳಗಿನ ಪೆಟ್ರೋಲ್ ಆವಿಯೇ ಹೆಚ್ಚು ಅಪಾಯಕಾರಿ.

ಇನ್ನೊಂದು ಮಾತು. ಗೇಜು ಸರಿ ಇದೆಯೋ ನೋಡೋಣ ಎಂದು ಅದಕ್ಕೆ ಬ್ಯಾಟರಿಯಿಂದ ನೇರ ವೈರ್ ಕೊಡಬೇಡಿ. ಒಳಗಿನ ತಂತಿ ಸುಟ್ಟುಹೋದರೆ ಹೊಸ ಗೇಜು ಹುಡುಕಲು ಸೊಲ್ಲಾಪುರ, ಹೈದರಾಬಾದ್ ತಿರುಗಬೇಕಾಗುತ್ತದೆ.

ಲಕ್ಷಣ ನೋಡಿ ರೋಗ ಹಿಡಿಯುವುದು

ಮೀಟರ್ ಇಲ್ಲದೆಯೂ ಅರ್ಧ ಉತ್ತರ ಸಿಗುತ್ತದೆ. ಗಾಡಿಯನ್ನು ಅರ್ಧ ಗಂಟೆ ಓಡಿಸಿ, ಎರಡೂ ಮುಳ್ಳುಗಳನ್ನು ಒಟ್ಟಿಗೆ ಗಮನಿಸಿ.

ಎರಡೂ ಮುಳ್ಳು ಹೆಚ್ಚು ತೋರಿಸುತ್ತಿವೆ: ಸ್ಟೆಬಿಲೈಸರ್ ಅರ್ಥ್ ತಪ್ಪಿದೆ, ಇಲ್ಲವೇ ಅದರ ಪಾಯಿಂಟ್ ಅಂಟಿಕೊಂಡಿದೆ. ಗಾಡಿಯ ವೇಗ ಹೆಚ್ಚಿಸಿದಾಗ ಎರಡೂ ಮುಳ್ಳು ಇನ್ನಷ್ಟು ಏರಿದರೆ ಇದು ಖಚಿತ.

ಎರಡೂ ಮುಳ್ಳು ಏಳುವುದೇ ಇಲ್ಲ: ಡಬ್ಬಿಗೆ ಕರೆಂಟ್ ಬರುತ್ತಿಲ್ಲ, ಇಲ್ಲವೇ ಅದರ ಪಾಯಿಂಟ್ ಸುಟ್ಟಿದೆ. ಇಂಡಿಕೇಟರ್, ವೈಪರ್ ಕೂಡ ನಿಂತಿದ್ದರೆ ಮೊದಲು ಫ್ಯೂಜ್ ನೋಡಿ. ಇಂಥ ಅನೇಕ ಗಾಡಿಗಳಲ್ಲಿ ಇವೆಲ್ಲಕ್ಕೂ ಒಂದೇ ಫ್ಯೂಜ್.

ಎರಡೂ ಮುಳ್ಳು ಒಮ್ಮೆ ಸರಿ, ಒಮ್ಮೆ ತಪ್ಪು: ಎಲ್ಲೋ ಸಡಿಲ ಜೋಡಣೆ ಇದೆ. ಹೊಂಡದ ರಸ್ತೆಯಲ್ಲಿ ಹೆಚ್ಚಾದರೆ ಅರ್ಥ್ ಸ್ಕ್ರೂ ಮೇಲೆ ಅನುಮಾನ ಪಡಿ.

ಒಂದೇ ಮುಳ್ಳು ತಪ್ಪುತ್ತಿದೆ, ಇನ್ನೊಂದು ಸರಿ ಇದೆ: ಸ್ಟೆಬಿಲೈಸರ್ ಸರಿಯಾಗಿದೆ. ಅದನ್ನು ಮುಟ್ಟಬೇಡಿ. ದೋಷ ಆ ಗೇಜಿನಲ್ಲಿ, ಅದರ ವೈರಿನಲ್ಲಿ, ಅಥವಾ ಅದರ ಯೂನಿಟ್‌ನಲ್ಲಿದೆ.

ಇವುಗಳಲ್ಲಿ ಉಷ್ಣತೆಯ ಮುಳ್ಳು ಏಳದೇ ಇರುವುದು ಎಲ್ಲಕ್ಕಿಂತ ಅಪಾಯ. ಹೆಚ್ಚು ತೋರಿಸುವ ಮುಳ್ಳು ನನ್ನಂತೆ ನಿಮ್ಮ ಹಣ ತಿನ್ನುತ್ತದೆ, ಆದರೆ ಏಳದ ಮುಳ್ಳು ಇಂಜಿನ್ನನ್ನೇ ತಿನ್ನುತ್ತದೆ. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿನಲ್ಲಿ ಫ್ಯಾನ್ ಬೆಲ್ಟ್ ಹರಿದರೆ ನಿಮಗೆ ತಿಳಿಸುವವರು ಯಾರೂ ಇರುವುದಿಲ್ಲ. ಮತ್ತೊಂದು ವಿಷಯ ನೆನಪಿಡಿ: ರೇಡಿಯೇಟರ್ ನೀರು ಸೋರಿಹೋದರೆ ಯೂನಿಟ್ ನೀರಿನ ಬದಲು ಗಾಳಿಯಲ್ಲಿ ಉಳಿಯುತ್ತದೆ. ಆಗ ಇಂಜಿನ್ ಸುಡುತ್ತಿದ್ದರೂ ಮುಳ್ಳು ಕೆಳಗಿಳಿಯಬಹುದು. ಏರಿದ್ದ ಮುಳ್ಳು ಇದ್ದಕ್ಕಿದ್ದಂತೆ ಬಿದ್ದರೆ ಸಂತೋಷಪಡದೆ ಗಾಡಿ ನಿಲ್ಲಿಸಿ. ಬಿಸಿ ರೇಡಿಯೇಟರ್ ಮುಚ್ಚಳವನ್ನು ಮಾತ್ರ ತೆಗೆಯಬೇಡಿ, ಪೂರ್ತಿ ತಣಿಯಲು ಬಿಡಿ.

ಮೀಟರ್ ಹಿಡಿದು ನಾಲ್ಕು ಅಳತೆ

ಮಲ್ಟಿಮೀಟರ್ ಈಗ ಎಲ್ಲ ಎಲೆಕ್ಟ್ರಿಕಲ್ ಅಂಗಡಿಗಳಲ್ಲೂ ಸಿಗುತ್ತದೆ. ಡಿಸಿ 20 ವೋಲ್ಟಿಗೆ ಇಡಿ. ಸ್ಟೆಬಿಲೈಸರ್ ಮೇಲೆ ಸಾಮಾನ್ಯವಾಗಿ ಇಂಗ್ಲಿಷಿನ ಬಿ ಮತ್ತು ಐ ಅಕ್ಷರಗಳಿರುತ್ತವೆ. ಬಿ ಎಂದರೆ ಬ್ಯಾಟರಿ ಕಡೆಯಿಂದ ಬರುವ ವೈರ್, ಐ ಎಂದರೆ ಗೇಜುಗಳ ಕಡೆಗೆ ಹೋಗುವ ವೈರ್. ಚಾವಿ ಆನ್ ಮಾಡಿ, ಗೇಜುಗಳ ವೈರ್ ಜೋಡಿಸಿಯೇ ಇಟ್ಟು ಈ ಅಳತೆಗಳನ್ನು ಮಾಡಿ.

1. ಬ್ಯಾಟರಿಯ ಎರಡು ತುದಿಗಳ ನಡುವೆ ಎಷ್ಟಿದೆ ನೋಡಿ. 12ಕ್ಕಿಂತ ಬಹಳ ಕಡಿಮೆ ಇದ್ದರೆ ಮೊದಲು ಬ್ಯಾಟರಿ ಚಾರ್ಜ್ ಮಾಡಿಸಿ.

2. ಬಿ ತುದಿ ಮತ್ತು ಬಾಡಿಯ ನಡುವೆ ಅಳೆಯಿರಿ. ಬ್ಯಾಟರಿಯಷ್ಟೇ ಬರಬೇಕು. ಏನೂ ಬಾರದಿದ್ದರೆ ಫ್ಯೂಜ್ ಅಥವಾ ವೈರ್ ತುಂಡಾಗಿದೆ.

3. ಡಬ್ಬಿಯ ತಗಡಿನ ಮೈ ಮತ್ತು ಬ್ಯಾಟರಿಯ ಅರ್ಥ್ ತುದಿಯ ನಡುವೆ ಅಳೆಯಿರಿ. ಸೊನ್ನೆ ಬರಬೇಕು. ಅರ್ಥ್ ಪೂರ್ತಿ ತಪ್ಪಿದ್ದರೆ ಡಬ್ಬಿಯ ಮೈ ಮೇಲೆಯೇ 12 ವೋಲ್ಟ್ ಕಾಣಿಸುತ್ತದೆ. ನನ್ನ ಗಾಡಿಯಲ್ಲಿ ಹೀಗೇ ಆಗಿತ್ತು. ಈ ಒಂದು ಅಳತೆಯನ್ನು ಮೊದಲೇ ಮಾಡಿದ್ದರೆ ಹೆಡ್ ಗ್ಯಾಸ್ಕೆಟ್ ತಂಟೆಗೆ ಹೋಗುತ್ತಿರಲಿಲ್ಲ.

4. ಐ ತುದಿ ಮತ್ತು ಬಾಡಿಯ ನಡುವೆ ಅಳೆಯಿರಿ. ಮೊದಲ ಕೆಲವು ಸೆಕೆಂಡು ಪೂರ್ತಿ ಬ್ಯಾಟರಿ ವೋಲ್ಟ್ ಇರುತ್ತದೆ, ಆಮೇಲೆ ಆನ್-ಆಫ್ ಶುರುವಾಗುತ್ತದೆ. ಡಿಜಿಟಲ್ ಮೀಟರಿನಲ್ಲಿ ಅಂಕಿಗಳು ಸೊನ್ನೆಗೂ 12ಕ್ಕೂ ನಡುವೆ ಕುಣಿಯುತ್ತವೆ. ಇದನ್ನು ನೋಡಿ ಡಬ್ಬಿ ಕೆಟ್ಟಿದೆ ಎಂದು ಎಸೆಯಬೇಡಿ. ಸರಿ ಇದ್ದರೆ ಅದು ಹಾಗೆಯೇ ಕುಣಿಯಬೇಕು. ಮುಳ್ಳಿನ ಹಳೆಯ ಮೀಟರ್ ಇದ್ದರೆ ಇನ್ನೂ ಚೆನ್ನಾಗಿ ಕಾಣುತ್ತದೆ. ಅದೂ ಇಲ್ಲದಿದ್ದರೆ ಡ್ಯಾಶ್‌ಬೋರ್ಡಿನ 12 ವೋಲ್ಟಿನ ಚಿಕ್ಕ ಬಲ್ಬಿಗೆ ಎರಡು ವೈರ್ ಕಟ್ಟಿ ಐ ತುದಿಗೂ ಬಾಡಿಗೂ ಹಿಡಿಯಿರಿ. ಬಲ್ಬ್ ಹತ್ತಿ ಆರಿ, ಹತ್ತಿ ಆರಿ ಮಾಡಿದರೆ ಸ್ಟೆಬಿಲೈಸರ್ ಬದುಕಿದೆ.

ಐ ತುದಿಯಲ್ಲಿ ಎರಡು ಮೂರು ನಿಮಿಷ ಆದರೂ ಪೂರ್ತಿ 12 ವೋಲ್ಟ್ ಹಾಗೇ ನಿಂತಿದ್ದು, ಮೂರನೇ ಅಳತೆಯಲ್ಲಿ ಅರ್ಥ್ ಸರಿ ಬಂದಿದ್ದರೆ ಒಳಗಿನ ಪಾಯಿಂಟ್ ಅಂಟಿಕೊಂಡಿದೆ ಅಥವಾ ಸುತ್ತಿದ ತಂತಿ ಹರಿದಿದೆ. ಬಿ ತುದಿಯಲ್ಲಿ 12 ಇದ್ದು ಐ ತುದಿಯಲ್ಲಿ ಏನೂ ಇಲ್ಲದಿದ್ದರೆ ಪಾಯಿಂಟ್ ಸುಟ್ಟಿದೆ. ಈ ಎರಡು ಸಂದರ್ಭಗಳಲ್ಲಿ ಮಾತ್ರ ಹೊಸದು ಬೇಕು.

ಅರ್ಥ್ ಸರಿ ಮಾಡುವುದು

ಸ್ಕ್ರೂ ಬಿಚ್ಚಿ ಡಬ್ಬಿಯ ಕಿವಿಯನ್ನೂ, ಅದು ಕೂರುವ ತಗಡಿನ ಜಾಗವನ್ನೂ ಪಾಲಿಶ್ ಪೇಪರಿನಿಂದ ಹೊಳೆಯುವವರೆಗೆ ಉಜ್ಜಿ. ಹಲ್ಲಿರುವ ವಾಷರ್ ಹಾಕಿ ಬಿಗಿ ಮಾಡಿ. ತುಕ್ಕು ಹಿಡಿಯದಂತೆ ಮೇಲೆ ಸ್ವಲ್ಪ ವ್ಯಾಸಲಿನ್ ಸವರಿ. ನಮ್ಮ ಮಿಸ್ತ್ರಿ ಕಾಕಾ ಇದರ ಮೇಲೆ ಇನ್ನೊಂದು ಕೆಲಸ ಮಾಡಿದರು. ಡಬ್ಬಿಯ ಸ್ಕ್ರೂನಿಂದ ಬಾಡಿಯ ಗಟ್ಟಿ ಜಾಗಕ್ಕೆ ಒಂದು ಬೇರೆ ವೈರ್ ಎಳೆದರು. ಮುಂದೆ ಯಾರೇ ಪೇಂಟ್ ಮಾಡಿದರೂ ಅರ್ಥ್ ತಪ್ಪುವುದಿಲ್ಲ. ಡಬ್ಬಿಯನ್ನು ಮೊದಲು ಹೇಗೆ ನಿಂತಿತ್ತೋ ಹಾಗೆಯೇ ನಿಲ್ಲಿಸಿ. ಒಳಗಿನ ಬಿಸಿ ಮೇಲಕ್ಕೆ ಏರುವುದರಿಂದ ತಲೆಕೆಳಗು ಹಾಕಿದರೆ ಲೆಕ್ಕ ತಪ್ಪುತ್ತದೆ.

ಒಂದೇ ಮುಳ್ಳು ತಪ್ಪಿದರೆ

ಪೆಟ್ರೋಲ್ ಮುಳ್ಳಿನದಾದರೆ ಟ್ಯಾಂಕಿನ ಯೂನಿಟ್‌ಗೆ ಬರುವ ವೈರ್ ಬಿಚ್ಚಿ ಚಾವಿ ಆನ್ ಮಾಡಿ. ಮುಳ್ಳು ಖಾಲಿಯಲ್ಲಿ ನಿಲ್ಲಬೇಕು. ಚಾವಿ ಆಫ್ ಮಾಡಿ, ಆ ವೈರಿನ ತುದಿಯನ್ನು ಟ್ಯಾಂಕಿನಿಂದ ದೂರ ಬಾಡಿಯ ಬರಿ ಲೋಹಕ್ಕೆ ಕಟ್ಟಿ, ಮತ್ತೆ ಚಾವಿ ಆನ್ ಮಾಡಿ. ಮುಳ್ಳು ನಿಧಾನವಾಗಿ ಮೇಲಿನ ಕೊನೆಗೆ ಏರಬೇಕು. ಏರಿದ ಕೂಡಲೇ ಚಾವಿ ಆಫ್ ಮಾಡಿ, ಹೆಚ್ಚು ಹೊತ್ತು ಬಿಡಬೇಡಿ. ಎರಡೂ ಹಾಗೆಯೇ ಆದರೆ ಗೇಜು, ವೈರ್ ಸರಿ ಇವೆ, ದೋಷ ಟ್ಯಾಂಕಿನ ಯೂನಿಟ್‌ನಲ್ಲಿದೆ. ಆಗದಿದ್ದರೆ ವೈರ್ ಅಥವಾ ಗೇಜು.

ಯೂನಿಟ್‌ನಲ್ಲೂ ಮೊದಲು ನೋಡಬೇಕಾದ್ದು ಅರ್ಥ್. ಟ್ಯಾಂಕ್ ಬಾಡಿಗೆ ಕೂರುವ ಜಾಗದಲ್ಲಿ ತುಕ್ಕು ಹಿಡಿದಿದ್ದರೆ ಪೆಟ್ರೋಲ್ ತುಂಬಿದ್ದರೂ ಮುಳ್ಳು ಕಡಿಮೆ ತೋರಿಸುತ್ತದೆ. ಅದು ಸರಿ ಇದ್ದರೆ ತೇಲುವ ಬುರುಡೆ ನೋಡಿ. ಹಿತ್ತಾಳೆಯ ಬುರುಡೆಗೆ ಸೂಕ್ಷ್ಮ ತೂತು ಬಿದ್ದರೆ ಒಳಗೆ ಪೆಟ್ರೋಲ್ ತುಂಬಿ ಅದು ಮುಳುಗುತ್ತದೆ. ಕಿವಿಯ ಬಳಿ ಹಿಡಿದು ಅಲುಗಾಡಿಸಿದರೆ ಸದ್ದು ಬರುತ್ತದೆ.

ಉಷ್ಣತೆಯ ಗೇಜಿಗೂ ಇದೇ ಪರೀಕ್ಷೆ. ವೈರ್ ಬಿಚ್ಚಿದರೆ ಮುಳ್ಳು ತಣ್ಣಗೆ, ಬಾಡಿಗೆ ತಾಗಿಸಿದರೆ ಬಿಸಿಯ ಕಡೆಗೆ. ಯೂನಿಟ್ ಬದಲಿಸುವಾಗ ನಿಮ್ಮ ಗೇಜಿಗೆ ಹೊಂದುವುದನ್ನೇ ಕೇಳಿ ತನ್ನಿ. ಮರೆ ಒಂದೇ ಆಗಿ ಇಂಜಿನ್ನಿಗೆ ಕೂತರೂ ಒಳಗಿನ ಓಮ್ ಬೇರೆ ಇದ್ದರೆ ಮುಳ್ಳು ಸುಳ್ಳು ಹೇಳುತ್ತದೆ.

ಹೊಸದು ಹಾಕುವುದಾದರೆ

ಹಳೆಯ ಸ್ಟೆಬಿಲೈಸರ್ ಸಿಗದಿದ್ದರೆ ಚಿಂತೆ ಬೇಡ. ರೇಡಿಯೊ, ಟಿವಿ ರಿಪೇರಿ ಭಾಗಗಳ ಅಂಗಡಿಯಲ್ಲಿ 7810 ಎಂಬ ಮೂರು ಕಾಲಿನ ಐಸಿ ಕೇಳಿ. ಅದು ನೇರವಾಗಿ 10 ವೋಲ್ಟ್ ಕೊಡುತ್ತದೆ, ಬೆಲೆಯೂ ತೀರಾ ಕಡಿಮೆ. ಅಕ್ಷರ ಇರುವ ಮುಖ ನಮ್ಮ ಕಡೆಗೆ, ಕಾಲುಗಳು ಕೆಳಗೆ ಇರುವಂತೆ ಹಿಡಿದರೆ ಎಡಗಾಲು ಬ್ಯಾಟರಿ ಕಡೆಗೆ, ನಡುಗಾಲು ಅರ್ಥ್, ಬಲಗಾಲು ಗೇಜುಗಳ ಕಡೆಗೆ. ಎಡಗಾಲಿಗೂ ಅರ್ಥಿಗೂ ನಡುವೆ 0.33 ಮೈಕ್ರೊಫ್ಯಾರಡ್, ಬಲಗಾಲಿಗೂ ಅರ್ಥಿಗೂ ನಡುವೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಬೆಸೆಯಬೇಕು. ಐಸಿಯ ಬೆನ್ನಿನ ತಗಡನ್ನು ಬಾಡಿಗೆ ಸ್ಕ್ರೂ ಹಾಕಿ ಕೂರಿಸಿ. ಅದು ಕಾಯುವ ಬಿಸಿ ಬಾಡಿಗೆ ಇಳಿದುಹೋಗುತ್ತದೆ. ನಡುಗಾಲು ಮತ್ತು ಬೆನ್ನಿನ ತಗಡು ಒಳಗೇ ಕೂಡಿರುವುದರಿಂದ ಅರ್ಥ್ ಕೂಡ ಗಟ್ಟಿಯಾಗುತ್ತದೆ.

ಎರಡು ಎಚ್ಚರಿಕೆಗಳಿವೆ. ಒಂದು, 7810 ನೆಗೆಟಿವ್ ಅರ್ಥ್ ಗಾಡಿಗೆ ಮಾತ್ರ. ಪಾಸಿಟಿವ್ ಅರ್ಥ್ ಗಾಡಿಗೆ ಇದನ್ನು ಹಾಕಿದರೆ ಹಾಕಿದ ಕ್ಷಣವೇ ಸುಡುತ್ತದೆ. ಎರಡು, ಅದಕ್ಕೆ ಒಳಗೆ ಬರುವ ವೋಲ್ಟ್ ಸುಮಾರು 12 ಆದರೂ ಇರಬೇಕು. ಬ್ಯಾಟರಿ ಇಳಿದಾಗ ಮುಳ್ಳುಗಳೂ ಸ್ವಲ್ಪ ಇಳಿಯುತ್ತವೆ. ಅದು ಬೇಡವಾದರೆ ಗಾಡಿಗಳಿಗೆಂದೇ ಬರುವ ಎಲ್‌ಎಂ 2940 ಸರಣಿಯ 10 ವೋಲ್ಟಿನ ಐಸಿ ಇನ್ನೂ ಉತ್ತಮ. ಅದರ ಹೊರಹೋಗುವ ಕಾಲಿಗೆ ಮಾತ್ರ ಕನಿಷ್ಠ 22 ಮೈಕ್ರೊಫ್ಯಾರಡ್ ಕೆಪಾಸಿಟರ್ ಬೇಕು.

ಹಳೆಯ ಡಬ್ಬಿಯನ್ನು ಎಸೆಯಬೇಡಿ. ಅದರ ಒಳಭಾಗ ತೆಗೆದು ಐಸಿಯನ್ನು ಅದರೊಳಗೇ ಕೂರಿಸಿದರೆ ಹೊರಗಿನಿಂದ ಗಾಡಿ ಮೊದಲಿನಂತೆಯೇ ಕಾಣುತ್ತದೆ. ಕೇಂದ್ರ ಸರ್ಕಾರ 2021ರಲ್ಲಿ ಮಾಡಿದ ನಿಯಮದಂತೆ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ಗಾಡಿಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಮ್ಮ ಕೆಲವರ ಗಾಡಿಗಳು ಆ ವಯಸ್ಸಿಗೆ ಬರುತ್ತಿವೆ. ಮೂಲ ಭಾಗಗಳನ್ನು ಕಾಯ್ದಿಟ್ಟರೆ ಒಳ್ಳೆಯದು.

ಕೊನೆಗೆ ಒಮ್ಮೆ ತಾಳೆ ನೋಡಿ

ರಿಪೇರಿ ಆದ ಮೇಲೆ ಮುಳ್ಳಿನ ಮಾತನ್ನು ಪರೀಕ್ಷಿಸದೆ ನಂಬಬೇಡಿ. ಟ್ಯಾಂಕ್ ಹೆಚ್ಚುಕಡಿಮೆ ಖಾಲಿ ಮಾಡಿ, ಪಂಪಿನಲ್ಲಿ ಐದೈದು ಲೀಟರ್ ಹಾಕಿಸುತ್ತಾ ಪ್ರತಿ ಸಲ ಒಂದೆರಡು ನಿಮಿಷ ಬಿಟ್ಟು ಮುಳ್ಳು ಎಲ್ಲಿ ನಿಂತಿತೆಂದು ಬರೆದುಕೊಳ್ಳಿ. ಆ ಚೀಟಿಯನ್ನು ಗಾಡಿಯ ಖಾನೆಯಲ್ಲೇ ಇಡಿ. ಉಷ್ಣತೆಗೆ ಹೀಗೆ ಮಾಡಿ: ಇಂಜಿನ್ ತಣ್ಣಗಿರುವಾಗಲೇ ರೇಡಿಯೇಟರ್ ಮುಚ್ಚಳ ತೆಗೆದು, 100 ಡಿಗ್ರಿಯವರೆಗಿನ ಥರ್ಮಾಮೀಟರ್ ನೀರಿನಲ್ಲಿ ಇಳಿಬಿಟ್ಟು, ಆಮೇಲೆ ಇಂಜಿನ್ ಶುರು ಮಾಡಿ. ನೀರು 80 ಡಿಗ್ರಿ ಆಸುಪಾಸಿಗೆ ಬಂದಾಗ ಮುಳ್ಳು ಎಲ್ಲಿದೆ ನೋಡಿ ಇಂಜಿನ್ ಬಂದ್ ಮಾಡಿ. ಅದೇ ನಿಮ್ಮ ಗಾಡಿಯ ಸರಿಯಾದ ಜಾಗ. ಕೋವಿಡ್ ಕಾಲದ ಹಣೆ ನೋಡುವ ಗನ್ ಇದಕ್ಕೆ ನಡೆಯುವುದಿಲ್ಲ, ಅದು ಮೈಜ್ವರದ ಅಳತೆಗೆ ಮಾತ್ರ.

ಇಷ್ಟನ್ನು ಕನ್ನಡದಲ್ಲಿ ಬರೆಯಲು ಒಂದು ಕಾರಣವಿದೆ. ನಮ್ಮ ಊರುಗಳ ಗ್ಯಾರೇಜಿನಲ್ಲಿ ಮರಾಠಿ, ದಖನಿ, ಕನ್ನಡ ಮೂರೂ ಬೆರೆತು ಮಾತು ನಡೆಯುತ್ತದೆ, ಪುಸ್ತಕ ಮಾತ್ರ ಇಂಗ್ಲಿಷಿನಲ್ಲಿದೆ. ಮಿಸ್ತ್ರಿ ಕಾಕಾನಂಥವರ ತಲೆಯಲ್ಲಿ ಇರುವುದು ಯಾವ ಭಾಷೆಯಲ್ಲೂ ಬರೆದಿಲ್ಲ. ಅವರಿಗೆ ಈಗ ಕಣ್ಣು ಮಂಜಾಗಿದೆ, ಡ್ಯಾಶ್‌ಬೋರ್ಡ್ ಕೆಳಗೆ ಮಲಗಲು ಆಗುವುದಿಲ್ಲ. ಅವರು ಹೇಳುತ್ತಾ ಹೋದರು, ನಾನು ಮಾಡುತ್ತಾ ಕಲಿತೆ.

ಮುಂದಿನ ನವೆಂಬರ್ 1ರ ಮೆರವಣಿಗೆಗೆ ನಿಮ್ಮ ಮನೆಯ ಹಳೆಯ ಗಾಡಿಯನ್ನೂ ತನ್ನಿ. ಮುಳ್ಳು ತಪ್ಪುತ್ತಿದ್ದರೆ ಎರಡು ದಿನ ಮೊದಲೇ ಹೇಳಿ, ಮೀಟರ್ ಮತ್ತು ಬಲ್ಬ್ ನನ್ನ ಬಳಿ ಇದೆ, ಕೂಡಿ ನೋಡೋಣ. ಹಿರಿಯರನ್ನು ಕೂರಿಸಿಕೊಂಡು ಹೊರಡುವ ಮೊದಲು ಟ್ಯಾಂಕಿನಲ್ಲಿ ಒಂದು ಕಡ್ಡಿ ಇಳಿಸಿ ನೋಡುವ ಅಭ್ಯಾಸವನ್ನು ಮಾತ್ರ ನಾನು ಈಗಲೂ ಬಿಟ್ಟಿಲ್ಲ.